ಮಕ್ಕಳು ಎಷ್ಟಿರಬೇಕು ಅಂತ ಸರ್ಕಾರ ಹೇಳಿದರೆ ಜನ ನಿಜವಾಗಿ ಕೇಳುತ್ತಾರಾ?

ಹೊಸಕೆರೆಹಳ್ಳಿ ಹುಡುಗಿ:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಭಾನುವಾರ ಬಂದರೆ ಒಂದೇ ಚರ್ಚೆ. 2024ರಲ್ಲಿ ಆಂಧ್ರದ ಚಂದ್ರಬಾಬು ನಾಯ್ಡು ಜಾಸ್ತಿ ಮಕ್ಕಳು ಮಾಡಿಕೊಳ್ಳಿ ಅಂದರಲ್ಲ, ಅದೇ ತಿಂಗಳು ಸ್ಟಾಲಿನ್ ಕೂಡ ಮದುವೆ ಮನೆಯಲ್ಲಿ ಹದಿನಾರು ಮಕ್ಕಳ ಮಾತಾಡಿದರಲ್ಲ, ಅವತ್ತಿನಿಂದ ನಮ್ಮ ಮಾವನಿಗೆ ಅದು ತಲೆಗೆ ಹತ್ತಿದೆ. ನಮಗೆ ಒಂದೇ ಮಗಳು, ಯುಕೆಜಿ. "ನೀವೆಲ್ಲ ಒಂದಕ್ಕೇ ನಿಲ್ಲಿಸಿದರೆ ಕರ್ನಾಟಕದ ಎಂಪಿ ಸೀಟು ಕಡಿಮೆ ಆಗುತ್ತೆ" ಅನ್ನುತ್ತಾರೆ. ಪಾರ್ಲಿಮೆಂಟಿಗೋಸ್ಕರ ನಾನು ಹೆರಬೇಕಂತೆ!

ಅತ್ತೆಗೆ ಇದು ಕೇಳಿದರೆ ಸಿಟ್ಟು. "ನಮ್ಮ ಕಾಲದಲ್ಲಿ ಗೋಡೆ ಗೋಡೆ ಮೇಲೆ ಆರತಿಗೊಬ್ಬಳು ಕೀರ್ತಿಗೊಬ್ಬ ಅಂತ ಬರೆದು, ಎರಡಾದ ತಕ್ಷಣ ಆಪರೇಷನ್ನಿಗೆ ಕರ್ಕೊಂಡು ಹೋದರು. ಈಗ ಇವರೇ ಹೆರಿ ಅಂತಾರಾ?" ಅಂತ ಪಾತ್ರೆ ಕುಕ್ಕುತ್ತಾರೆ.

ನನ್ನ ಪ್ರಶ್ನೆ ಇಷ್ಟೇ. ಸರ್ಕಾರ ನಿಲ್ಲಿಸಿ ಅಂದಾಗ ಜನ ನಿಜವಾಗಿ ನಿಲ್ಲಿಸಿದ್ದಾ? ಈಗ ಹೆರಿ ಅಂದರೆ ಹೆರುತ್ತಾರಾ? ಅಂಕಿಅಂಶ ಗೂಗಲ್ ಮಾಡಬಹುದು. ಹತ್ತಿರದಿಂದ ನೋಡಿದವರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ.

ಗಣಿತ ಮೇಷ್ಟ್ರು:

ನಿಮ್ಮ ಮಾವ ಹೇಳುವುದರಲ್ಲಿ ಅರ್ಧ ಸರಿ ಇದೆ. ರಾಜ್ಯಗಳಿಗೆ ಎಂಪಿ ಸೀಟು ಹಂಚೋದು ಜನಸಂಖ್ಯೆ ನೋಡಿಯೇ. 1976ರಲ್ಲಿ ಸಂವಿಧಾನದ 42ನೇ ತಿದ್ದುಪಡಿ ತಂದು ಲೋಕಸಭೆ ಸೀಟುಗಳನ್ನು 1971ರ ಜನಗಣತಿಯ ಲೆಕ್ಕಕ್ಕೇ ನಿಲ್ಲಿಸಿದರು. ಜನಸಂಖ್ಯೆ ಕಡಿಮೆ ಮಾಡಿದ ರಾಜ್ಯಕ್ಕೆ ನಷ್ಟ ಆಗಬಾರದು ಅನ್ನೋದು ಉದ್ದೇಶ. ಆಮೇಲೆ 84ನೇ ತಿದ್ದುಪಡಿಯಲ್ಲಿ ಅದನ್ನು 2026ರ ನಂತರದ ಮೊದಲ ಜನಗಣತಿವರೆಗೆ ಮುಂದೂಡಿದರು. ಅದಕ್ಕೇ ಈಗ ಈ ಗಲಾಟೆ.

ಇನ್ನರ್ಧ ತಮಾಷೆ. 2011ರಲ್ಲಿ ಕರ್ನಾಟಕದ ಜನ 6.11 ಕೋಟಿ, ಸೀಟು 28. ಅಂದರೆ ಒಂದು ಸೀಟಿಗೆ ಸುಮಾರು 22 ಲಕ್ಷ ಜನ. ಮಾವನಿಗೆ ಹೇಳಿ, ನೀವೊಬ್ಬರೇ ಸಾಲಲ್ಲ ಅಂತ.

ರಿಟೈರ್ಡ್ ನರ್ಸಮ್ಮ:

ಈ ಪ್ರಶ್ನೆಗೆ ನಾನು ಉತ್ತರ ಕೊಡಬಹುದು ಕಣಮ್ಮ. 1984ರಲ್ಲಿ ಎಎನ್‌ಎಂ ಆಗಿ ಸೇರಿದವಳು. ಕಾಗದದಲ್ಲಿ ಕಿರಿಯ ಮಹಿಳಾ ಆರೋಗ್ಯ ಸಹಾಯಕಿ, ಊರಿನವರ ಬಾಯಲ್ಲಿ ನರ್ಸಮ್ಮ. ಸರ್ವಿಸ್ ಪೂರ್ತಿ ಚಿತ್ರದುರ್ಗ ಜಿಲ್ಲೆಯ ಆಂಧ್ರ ಗಡಿ ಕಡೆ. ಉದ್ದ ಬರೆದರೆ ಬೈಕೋಬೇಡಿ, ಈಗ ಟೈಮ್ ಜಾಸ್ತಿ ಇದೆ.

ನಮ್ಮ ಹತ್ತಿರ ಅರ್ಹ ದಂಪತಿಗಳ ರಿಜಿಸ್ಟರ್ ಅಂತ ಒಂದು ಇರುತ್ತಿತ್ತು. ಇ.ಸಿ. ರಿಜಿಸ್ಟರ್ ಅನ್ನುತ್ತಿದ್ದೆವು. ವರ್ಷಕ್ಕೊಮ್ಮೆ ಮನೆ ಮನೆಗೆ ಹೋಗಿ ಹೊಸದಾಗಿ ಬರೆಯಬೇಕು. ಗಂಡ ಹೆಂಡತಿ ಹೆಸರು, ವಯಸ್ಸು, ಯಾವ ವಿಧಾನ ಉಪಯೋಗಿಸುತ್ತಿದ್ದಾರೆ, ಎಲ್ಲ. ಅದರಲ್ಲಿ ಮಕ್ಕಳ ವಿಷಯಕ್ಕೆ ಎರಡು ಕಾಲಂ. ಒಂದು ಹುಟ್ಟಿದ ಮಕ್ಕಳು, ಇನ್ನೊಂದು ಬದುಕಿರುವ ಮಕ್ಕಳು. ನಾನು ಸೇರಿದ ಹೊಸದರಲ್ಲಿ ಆ ಎರಡು ಕಾಲಂ ಒಂದೇ ಇರುವ ಮನೆ ಹುಡುಕಬೇಕಿತ್ತು. ಆರು ಹುಟ್ಟಿದ್ದು, ನಾಲ್ಕು ಇರೋದು. ಐದು ಹುಟ್ಟಿದ್ದು, ಮೂರು ಇರೋದು. ಹೋದವು ಯಾಕೆ ಹೋದವು ಅಂತ ಕೇಳಿದರೆ ದಡಾರ, ವಾಂತಿಭೇದಿ, "ಜ್ವರ ಬಂದು ಎಳೆದುಬಿಡ್ತು". ಅಂಥಾ ತಾಯಿ ಹತ್ತಿರ ಹೋಗಿ ಎರಡು ಸಾಕು ಅಂತ ನಾನು ಯಾವ ಬಾಯಲ್ಲಿ ಹೇಳಲಿ? ಒಬ್ಬ ಅಜ್ಜಿ ನನ್ನ ಮುಖಕ್ಕೇ ಹೇಳಿದಳು, "ನಿಮ್ಮ ಸರ್ಕಾರ ಎರಡೂ ಉಳಿತಾವೆ ಅಂತ ಬರ್ಕೊಡ್ತದಾ?"

ನಿಮ್ಮ ಪ್ರಶ್ನೆಗೆ ಉತ್ತರ ಆ ಎರಡು ಕಾಲಂ ಒಳಗೇ ಇದೆ. 1985ರಲ್ಲಿ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ಶುರುವಾಯಿತು. ಬುಧವಾರ ತಪ್ಪದೆ ಐಸ್ ಬಾಕ್ಸ್ ಹೆಗಲಿಗೆ ಹಾಕಿಕೊಂಡು ಹೋಗುತ್ತಿದ್ದೆ. ಅಂಗನವಾಡಿ ಬಂತು, ಬೋರ್‌ವೆಲ್ ಬಂತು, ಓಆರ್‌ಎಸ್ ಪೊಟ್ಟಣ ಬಂತು. ನಿಧಾನಕ್ಕೆ ಎರಡು ಕಾಲಂಗಳ ಅಂತರ ಕಡಿಮೆ ಆಗುತ್ತಾ ಬಂತು. ದೇಶದಲ್ಲಿ 1971ರಲ್ಲಿ ಹುಟ್ಟಿದ ಸಾವಿರ ಕೂಸುಗಳಲ್ಲಿ 129 ವರ್ಷ ತುಂಬುವ ಮೊದಲೇ ಹೋಗುತ್ತಿದ್ದವು. 2020ಕ್ಕೆ ಅದು 28. ಅಂತರ ಮುಚ್ಚಿದ ಮೇಲೆ ಹೆಂಗಸರು ಅವರಾಗಿಯೇ ಬಂದು "ಸಿಸ್ಟರ್, ಸಾಕು, ಕ್ಯಾಂಪ್ ಯಾವಾಗ?" ಅಂತ ಕೇಳತೊಡಗಿದರು. ಗೋಡೆ ಬರಹ ಓದಿ ಬಂದವರು ನನಗೆ ಒಬ್ಬರೂ ಸಿಗಲಿಲ್ಲ. ಓದು ಬರುತ್ತಿದ್ದವರೇ ಎಷ್ಟು ಜನ ಇದ್ದರು ಹೇಳಿ.

ಹಾಗಂತ ಸರ್ಕಾರ ಪ್ರಯತ್ನ ಪಡಲಿಲ್ಲ ಅಂತಲ್ಲ, ಪಟ್ಟ ಪಾಡೇನು! ನಮ್ಮ ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆದಿತ್ತು. 1952ರಲ್ಲಿ ಇಡೀ ದೇಶಕ್ಕೆ ಕಾರ್ಯಕ್ರಮ ಬಂತು. ಆಗ ಆರೋಗ್ಯ ಮಂತ್ರಿ ರಾಜಕುಮಾರಿ ಅಮೃತ್ ಕೌರ್. ಗಾಂಧಿವಾದಿ ಹೆಂಗಸು, ಸಾಧನ ಗೀಧನ ಬೇಡ, ದಿನ ಎಣಿಸಿ ಸಂಯಮದಿಂದಿರಲಿ ಅನ್ನೋ ಕಡೆ ಇದ್ದವರು. ಅದರ ಪ್ರಯೋಗ ನಡೆದದ್ದು ಎಲ್ಲಿ ಗೊತ್ತಾ? ನಮ್ಮ ರಾಮನಗರದಲ್ಲಿ. ಅಮೆರಿಕದ ಡಾಕ್ಟರ್ ಏಬ್ರಹಾಂ ಸ್ಟೋನ್ ವಿಶ್ವ ಆರೋಗ್ಯ ಸಂಸ್ಥೆಯ ಕಡೆಯಿಂದ ಬಂದು ಹೆಂಗಸರಿಗೆ ಬಣ್ಣದ ಮಣಿಸರ ಕೊಡಿಸಿದರು. ದಿನಕ್ಕೊಂದು ಮಣಿ ಸರಿಸಬೇಕು. ಹಸಿರು ಬಂದರೆ ಭಯ ಇಲ್ಲ, ಕೆಂಪು ಬಂದರೆ ದೂರ ಇರಬೇಕು. ಇದು ನನಗೆ ಟ್ರೈನಿಂಗಿನಲ್ಲಿ ಹೇಳಿದಾಗ ನಕ್ಕು ನಕ್ಕು ಸಾಕಾಯಿತು. ಕರೆಂಟಿಲ್ಲದ ಮನೆಯಲ್ಲಿ ರಾತ್ರಿ ಮಣಿ ಬಣ್ಣ ಯಾರಿಗೆ ಕಾಣುತ್ತೆ? ಕಂಡರೂ ಗಂಡ ಕೇಳಬೇಕಲ್ಲ.

ಆಮೇಲೆ 1965ರಲ್ಲಿ ವಂಕಿ, ಅಂದರೆ ಗರ್ಭಕೋಶದೊಳಗೆ ಹಾಕೋ ಲೂಪ್, ಬಂತು. ಸರಿಯಾಗಿ ನೋಡಿಕೊಳ್ಳದೆ ಸಾವಿರಗಟ್ಟಲೆ ಹಾಕಿದರು. ರಕ್ತ ಹೋಗೋದು ಜಾಸ್ತಿ ಆಗಿ ಜನ ಹೆದರಿದರು. ಆ ಹೆದರಿಕೆ ಎಷ್ಟು ಗಟ್ಟಿ ಅಂದರೆ ಇಪ್ಪತ್ತು ವರ್ಷ ಕಳೆದು ನಾನು ಕಾಪರ್-ಟಿ ಹಿಡಿದು ಹೋದಾಗಲೂ "ಅದು ಎದೆಗೆ ಹತ್ತುತ್ತಂತೆ" ಅನ್ನುತ್ತಿದ್ದರು.

ಇನ್ನು ತುರ್ತು ಪರಿಸ್ಥಿತಿ. ಅದು ನನ್ನ ಕಾಲಕ್ಕಿಂತ ಮುಂಚೆ, ಆದರೆ ಅದರ ಫಲ ಉಂಡವಳು ನಾನು. 1976-77 ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಆಪರೇಷನ್ ಆದವು. ಅದರಲ್ಲಿ ಸುಮಾರು 62 ಲಕ್ಷ ಗಂಡಸರದು. ಉತ್ತರದ ಕಡೆ ಪೊಲೀಸರನ್ನು ಬಿಟ್ಟು ಹಿಡಿದು ತಂದ ಕಥೆಗಳು ಇವೆ. ಮಾರನೇ ವರ್ಷ ಸರ್ಕಾರವೇ ಬಿತ್ತು. ಗಂಡಸರ ಆಪರೇಷನ್ 2 ಲಕ್ಷಕ್ಕಿಂತ ಕೆಳಗೆ ಬಂತು. ನಮ್ಮ ಕರ್ನಾಟಕದಲ್ಲಿ ಕಾಂಗ್ರೆಸ್ 28ರಲ್ಲಿ 26 ಗೆದ್ದಿತ್ತು ಬಿಡಿ, ಇಲ್ಲಿ ಅಷ್ಟು ಉರಿ ತಟ್ಟಿರಲಿಲ್ಲ. ಆದರೂ ಗಂಡಸರು ಮಾತ್ರ ಇಲ್ಲೂ ಬಾಗಿಲು ಹಾಕಿಕೊಂಡುಬಿಟ್ಟರು. ಇಲಾಖೆ ಹೆಸರನ್ನು ಕುಟುಂಬ ಯೋಜನೆಯಿಂದ ಕುಟುಂಬ ಕಲ್ಯಾಣ ಅಂತ ಮಾಡಿದರು. ಗಂಡಸರ ಹತ್ತಿರ ಹೋಗುವ ಧೈರ್ಯ ಯಾವ ಪಕ್ಷಕ್ಕೂ ಮತ್ತೆ ಬರಲಿಲ್ಲ. ಅಷ್ಟರಲ್ಲಿ ಹೊಟ್ಟೆಗೆ ಸಣ್ಣ ತೂತು ಮಾಡಿ ಟ್ಯೂಬ್ ಕಟ್ಟೋ ಲ್ಯಾಪ್ರೋಸ್ಕೋಪಿ ಬಂತು. ಪೂರ್ತಿ ಭಾರ ಹೆಂಗಸರ ಹೊಟ್ಟೆ ಮೇಲೆ ಬಿತ್ತು.

ಆ ಕ್ಯಾಂಪುಗಳನ್ನು ನೀವು ನೋಡಿಲ್ಲ, ಹೇಳುತ್ತೇನೆ. ಡಿಸೆಂಬರ್‌ನಿಂದ ಮಾರ್ಚ್ ನಮ್ಮ ಸೀಸನ್. ರಜೆ ಇರುವ ದಿನ ಸ್ಕೂಲಿನಲ್ಲೋ ಆರೋಗ್ಯ ಕೇಂದ್ರದಲ್ಲೋ ಕ್ಯಾಂಪ್. ಹೆಂಗಸರು ರಾತ್ರಿಯಿಂದ ಉಪವಾಸ. ಬೆಳಿಗ್ಗೆ ಏಳಕ್ಕೆ ತಂದು ಕೂರಿಸಿದರೆ ಸರ್ಜನ್ ಬರುವುದು ಮಧ್ಯಾಹ್ನ. ಬೇರೆ ತಾಲ್ಲೂಕಿನಲ್ಲಿ ಇನ್ನೊಂದು ಕ್ಯಾಂಪ್ ಮುಗಿಸಿ ಬರಬೇಕಲ್ಲ. ಹಾಲು ಕುಡಿಯೋ ಕೂಸುಗಳನ್ನು ಎತ್ತಿಕೊಂಡು ಅತ್ತೆಯಂದಿರು ಹೊರಗೆ ಬೇವಿನ ಮರದ ಕೆಳಗೆ. ಒಳಗೆ ಟೇಬಲ್ಲಿನ ಕಾಲಿನ ಕಡೆಗೆ ಇಟ್ಟಿಗೆ ಕೊಟ್ಟು ಎತ್ತರಿಸುತ್ತಿದ್ದೆವು, ತಲೆ ಕೆಳಗೆ ಬರಬೇಕು ಅಂತ. ಹೊಕ್ಕುಳ ಹತ್ತಿರ ಮರವು ಇಂಜೆಕ್ಷನ್. ಒಬ್ಬರಿಗೆ ಐದು ನಿಮಿಷ. ಇಳಿಸಿದ ತಕ್ಷಣ ಇಬ್ಬರು ಹಿಡಿದುಕೊಂಡು ಹೋಗಿ ಮೂರನೇ ಕ್ಲಾಸಿನ ರೂಮಲ್ಲಿ ಜಮಖಾನದ ಮೇಲೆ ಸಾಲಾಗಿ ಮಲಗಿಸೋದು. ಸಂಜೆ ಜೀಪಲ್ಲಿ ಊರಿಗೆ. ಏಳನೇ ದಿನ ಹೊಲಿಗೆ ಬಿಚ್ಚೋಕೆ ನಾನೇ ಮನೆಗೆ ಹೋಗುತ್ತಿದ್ದೆ. ಅಷ್ಟರಲ್ಲಿ ಅರ್ಧ ಜನ ಹೊಲದಲ್ಲಿ ಇರೋರು.

ಇದೆಲ್ಲ ಯಾಕೆ ಅಷ್ಟು ಅವಸರ ಅಂದರೆ ಟಾರ್ಗೆಟ್. 1966ರಿಂದ ಬಂದದ್ದು. ಒಂದು ಉಪಕೇಂದ್ರಕ್ಕೆ ವರ್ಷಕ್ಕೆ ಇಷ್ಟು ಆಪರೇಷನ್, ಇಷ್ಟು ಕಾಪರ್-ಟಿ, ಇಷ್ಟು ಗರ್ಭನಿರೋಧಕ ಮಾತ್ರೆ, ಇಷ್ಟು ನಿರೋಧ್. ಫೆಬ್ರವರಿ ಮಾಸಿಕ ಸಭೆ ಅಂದರೆ ಹೊಟ್ಟೆ ತೊಳೆಸುತ್ತಿತ್ತು. ಅರ್ಧಕ್ಕಿಂತ ಕಡಿಮೆ ಆದವರು ಎದ್ದು ನಿಲ್ಲಬೇಕು. ಸಂಬಳ ತಡೆಯುತ್ತೇವೆ, ಇನ್‌ಕ್ರಿಮೆಂಟ್ ನಿಲ್ಲಿಸುತ್ತೇವೆ ಅನ್ನೋರು. ಮೇಷ್ಟ್ರುಗಳಿಗೂ ಗ್ರಾಮಲೆಕ್ಕಿಗರಿಗೂ ಕೇಸ್ ತರುವ ಡ್ಯೂಟಿ. ಹೀಗಾಗಿ ಒಂದೇ ಹೆಂಗಸಿನ ಮೇಲೆ ಮೂವರ ಕಣ್ಣು. "ಈ ಕೇಸ್ ನಂದು" ಅಂತ ಕ್ಯಾಂಪ್ ಬಾಗಿಲಲ್ಲಿ ಜಗಳ ಆಡಿದ್ದನ್ನು ಕಂಡಿದ್ದೇನೆ. ಮನುಷ್ಯರನ್ನು ಕೇಸ್ ಅಂತಿದ್ದೆವು ನೋಡಿ. ಇನ್ನು ಕಾಪರ್-ಟಿ ಲೆಕ್ಕ ಕೇಳಲೇಬೇಡಿ. ರಿಜಿಸ್ಟರಲ್ಲಿ ಇದ್ದದ್ದಕ್ಕೂ ಊರಲ್ಲಿ ಇದ್ದದ್ದಕ್ಕೂ ಸಂಬಂಧವೇ ಇರಲಿಲ್ಲ. ಜಿಲ್ಲೆಗೆ ಗೊತ್ತಿತ್ತು, ಬೆಂಗಳೂರಿಗೂ ಗೊತ್ತಿತ್ತು ಅನ್ಸುತ್ತೆ.

ಒಬ್ಬಳ ವಿಷಯ ಹೇಳಲೇಬೇಕು. ಇಪ್ಪತ್ತೆರಡಕ್ಕೆ ಆಪರೇಷನ್ ಆಗಿತ್ತು, ಒಂದು ಗಂಡು ಒಂದು ಹೆಣ್ಣು. ಪೋಸ್ಟರಲ್ಲಿ ಇರೋ ಹಾಗೇ. ಗಂಡು ಮಗು ಐದು ವರ್ಷದ್ದು ಕೆರೆಗೆ ಬಿದ್ದು ತೀರಿಕೊಂಡಿತು. ತಿಥಿ ಮುಗಿಸಿ ಸೀದಾ ಉಪಕೇಂದ್ರಕ್ಕೆ ಬಂದಳು. "ಸಿಸ್ಟರ್, ಕಟ್ಟಿದ್ದನ್ನ ಬಿಚ್ಚೋಕೆ ಆಗುತ್ತಾ?" ದೊಡ್ಡಾಸ್ಪತ್ರೆಗೆ ಕಳಿಸಿದೆ. ಮತ್ತೆ ಜೋಡಿಸುವ ಆಪರೇಷನ್ ಇದೆ, ಆದರೆ ಮಗು ನಿಲ್ಲುತ್ತೆ ಅಂತ ಗ್ಯಾರಂಟಿ ಇಲ್ಲ. ಅವಳಿಗೆ ನಿಲ್ಲಲಿಲ್ಲ. ಎರಡು ವರ್ಷ ಆದ ಮೇಲೆ ಗಂಡ ಇನ್ನೊಂದು ಮದುವೆ ಆದ. ಆ ವರ್ಷದ ಸಾಧನೆ ಪಟ್ಟಿಯಲ್ಲಿ ಅವಳು ಒಂದು ನಂಬರ್. ಈಗಲೂ ಇರಬಹುದು ಯಾವುದೋ ಕಪಾಟಿನಲ್ಲಿ.

1996ರ ಏಪ್ರಿಲ್‌ನಲ್ಲಿ ದೇಶದಾದ್ಯಂತ ಟಾರ್ಗೆಟ್ ತೆಗೆದರು. ಆಮೇಲೆ ನಿರೀಕ್ಷಿತ ಸಾಧನೆ ಅನ್ನೋ ಹೆಸರಲ್ಲಿ ಸ್ವಲ್ಪ ಹಿಂದಿನ ಬಾಗಿಲಿಂದ ಬಂತು, ಅದು ಬೇರೆ ಮಾತು. ನಮ್ಮ ಸಾಹೇಬರುಗಳು ಇನ್ನು ಮುಗೀತು, ಮಕ್ಕಳ ಸುನಾಮಿ ಬರುತ್ತೆ ಅಂದುಕೊಂಡರು. ಬರಲಿಲ್ಲ. 1992-93ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಹೆಂಗಸಿಗೆ ಸರಾಸರಿ 2.85 ಮಕ್ಕಳು. 2005-06ಕ್ಕೆ 2.1. 2019-21ಕ್ಕೆ 1.7. ಟಾರ್ಗೆಟ್ ಇಲ್ಲದೆಯೇ ಇಳಿಯಿತು. ಯಾಕೆ ಅಂದರೆ ಅಷ್ಟೊತ್ತಿಗೆ ಹೆಣ್ಣು ಮಕ್ಕಳು ಹೈಸ್ಕೂಲಿಗೆ ಹೋಗತೊಡಗಿದ್ದರು. ಹದಿನೈದಕ್ಕೆ ಆಗುತ್ತಿದ್ದ ಮದುವೆ ಹತ್ತೊಂಬತ್ತು ಇಪ್ಪತ್ತಕ್ಕೆ ಹೋಯಿತು. ಭಾಗ್ಯಲಕ್ಷ್ಮಿ ಬಾಂಡ್ ಬಂದಾಗ ಹದಿನೆಂಟಕ್ಕಿಂತ ಮೊದಲು ಮದುವೆ ಮಾಡಿದರೆ ದುಡ್ಡಿಲ್ಲ ಅನ್ನೋ ಷರತ್ತು ಇತ್ತು. ನನಗೆ ಗೊತ್ತಿರುವಂತೆ ಆ ಒಂದು ಷರತ್ತು ನಮ್ಮ ಭಾಗದಲ್ಲಿ ಎಷ್ಟೋ ಲಗ್ನಪತ್ರಿಕೆಗಳನ್ನು ಮುಂದಕ್ಕೆ ಹಾಕಿಸಿದೆ.

ಈಗ ನಾಯ್ಡು ಅವರ ಮಾತಿಗೆ ಬರೋಣ. ಅದೇ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಹದಿನೈದರಿಂದ ನಲವತ್ತೊಂಬತ್ತು ವರ್ಷದ ಮದುವೆಯಾದ ಹೆಂಗಸರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರಿಗೆ ಆಪರೇಷನ್ ಆಗಿದೆ. ಆಂಧ್ರದಲ್ಲಿ ಇನ್ನೂ ಜಾಸ್ತಿ. ಇಪ್ಪತ್ತಮೂರು ಇಪ್ಪತ್ತನಾಲ್ಕಕ್ಕೇ ಮುಗಿಸಿಕೊಂಡವರು ಬೇಕಾದಷ್ಟು. ಕಟ್ಟಿದ ಟ್ಯೂಬನ್ನು ಭಾಷಣ ಬಿಚ್ಚಲ್ಲ.

ಸಿಂಗಪುರದ ಶಿವಮೊಗ್ಗಿಗ:

ನರ್ಸಮ್ಮನವರೇ, ಎರಡು ಸಲ ಓದಿದೆ. ತಿರುಗಿಸೋಕೆ ಆಗುತ್ತಾ ಅನ್ನೋದಕ್ಕೆ ನಾನಿರುವ ಊರೇ ಉದಾಹರಣೆ.

ಸಿಂಗಪುರದಲ್ಲಿ 1972ರಿಂದ "ಎರಡಕ್ಕೆ ನಿಲ್ಲಿಸಿ" ಅಂತ ಅಭಿಯಾನ. ಬರೀ ಪೋಸ್ಟರ್ ಅಲ್ಲ. ಮೂರನೇ ಮಗುವಿಗೆ ಆಸ್ಪತ್ರೆ ಬಿಲ್ ಜಾಸ್ತಿ, ಹೆರಿಗೆ ರಜೆಗೆ ಸಂಬಳ ಇಲ್ಲ, ಒಳ್ಳೆ ಸ್ಕೂಲಿಗೆ ಸೇರಿಸೋಕೆ ಸರದಿಯಲ್ಲಿ ಹಿಂದೆ. 1975ಕ್ಕೇ ಎರಡು ಮಕ್ಕಳ ಮಟ್ಟಕ್ಕೆ ಬಂದುಬಿಟ್ಟರು. ಅಲ್ಲಿಗೆ ನಿಲ್ಲಲಿಲ್ಲ, ಇಳೀತಾನೇ ಹೋಯಿತು. 1987ರಲ್ಲಿ ಗಾಬರಿಯಾಗಿ "ಕೈಲಾದರೆ ಮೂರು ಅಥವಾ ಜಾಸ್ತಿ" ಅಂತ ತಿರುಗಿಸಿದರು. ಅದಕ್ಕೂ ಮೊದಲು, 1984ರಲ್ಲಿ, ಓದಿದ ಹುಡುಗ ಹುಡುಗಿಯರನ್ನು ಸೇರಿಸೋಕೆ ಸರ್ಕಾರವೇ ಒಂದು ಘಟಕ ತೆರೆದಿತ್ತು. ಸರ್ಕಾರಿ ಮದುವೆ ಬ್ರೋಕರ್ ಅನ್ನಿ. 2001ರಿಂದ ಬೇಬಿ ಬೋನಸ್. ಈಗ ಮೊದಲನೇ ಮಗುವಿಗೆ 11,000 ಸಿಂಗಪುರ ಡಾಲರ್ ಕೈಗೆ ಬರುತ್ತೆ. ಫಲ? 2023ರಲ್ಲಿ 0.97. ಒಂದೂ ಇಲ್ಲ.

ನನ್ನ ಪಕ್ಕದ ಟೇಬಲ್ಲಿನ ಚೀನೀ ಮೂಲದ ಸಹೋದ್ಯೋಗಿ ಒಬ್ಬಳನ್ನು ಕೇಳಿದೆ. ಬೋನಸ್ ಒಂದು ವರ್ಷದ ಬೇಬಿಸಿಟ್ಟಿಂಗಿಗೆ ಸಾಲಲ್ಲ, ಆಮೇಲಿನ ಟ್ಯೂಷನ್ ಯಾರು ಕಟ್ಟುತ್ತಾರೆ ಅಂದಳು.

ಕಟ್ಟುನಿಟ್ಟು ಕಾಂತ:

ಎಲ್ಲ ಸರಿ, ಆದರೆ ದೇಶದ ಎಲ್ಲ ಕಡೆ 1.7 ಇಲ್ಲವಲ್ಲ. ಬಿಹಾರದಲ್ಲಿ ಅದೇ 2019-21ರ ಸಮೀಕ್ಷೆಯಲ್ಲೂ 3 ಇತ್ತು. ನಾವು ಇಲ್ಲಿ ಟ್ಯಾಕ್ಸ್ ಕಟ್ಟಬೇಕು, ಸೀಟೂ ಕಳೆದುಕೊಳ್ಳಬೇಕು. ಎರಡಕ್ಕಿಂತ ಜಾಸ್ತಿ ಆದರೆ ರೇಷನ್ ಇಲ್ಲ, ಎಲೆಕ್ಷನ್ನಿಗೆ ನಿಲ್ಲೋ ಹಾಗಿಲ್ಲ ಅಂತ ಕಾಯ್ದೆ ತಂದರೆ ತಾನಾಗಿ ಸರಿ ಹೋಗುತ್ತೆ. ಚೀನಾ ಮಾಡಲಿಲ್ವಾ?

ರಿಟೈರ್ಡ್ ನರ್ಸಮ್ಮ:

ಕಾಂತ ಅವರೇ, ಆ ಎಲೆಕ್ಷನ್ ಕಾಯ್ದೆ ನನ್ನ ಊರಿನ ಪಕ್ಕದಲ್ಲೇ ಮೂವತ್ತು ವರ್ಷ ಇತ್ತು. ಆಂಧ್ರದಲ್ಲಿ 1994ರಲ್ಲಿ ತಂದರು, ಎರಡಕ್ಕಿಂತ ಜಾಸ್ತಿ ಮಕ್ಕಳಿದ್ದರೆ ಪಂಚಾಯ್ತಿಗೆ ನಿಲ್ಲೋ ಹಾಗಿಲ್ಲ ಅಂತ. ಇಂಥದ್ದೇ ಹರಿಯಾಣದ ಕಾಯ್ದೆಯನ್ನು 2003ರಲ್ಲಿ ಸುಪ್ರೀಂ ಕೋರ್ಟೂ ಸರಿ ಅಂತು. ರಾಯದುರ್ಗದ ಕಡೆ ನಮ್ಮ ನೆಂಟರಿದ್ದಾರೆ. ಅವರಲ್ಲಿ ಒಬ್ಬನಿಗೆ ಸರ್ಪಂಚ್ ಆಗೋ ಆಸೆ, ಮನೆಯಲ್ಲಿ ಮೂರನೇ ಕೂಸು. ಕೂಸನ್ನು ಮಕ್ಕಳಿಲ್ಲದ ಅಣ್ಣನ ಹೆಸರಿಗೆ ಬರೆಸಿದ. ಹುಡುಗ ದೊಡ್ಡವನಾಗಿ ಸ್ವಂತ ಅಪ್ಪನನ್ನು ಜನರ ಎದುರು ಚಿಕ್ಕಪ್ಪ ಅನ್ನುತ್ತಿದ್ದ. ಕಾಯ್ದೆಯಿಂದ ಕಡಿಮೆ ಆದದ್ದು ಕಾಗದದ ಮೇಲಿನ ಮಕ್ಕಳು. ಹೆಣ್ಣು ಮೂರನೆಯದಾದರೆ ಏನಾಗುತ್ತಿತ್ತು ಅಂತ ನಾನು ಇಲ್ಲಿ ಬರೆಯಲ್ಲ, ಸ್ಕ್ಯಾನಿಂಗ್ ಸೆಂಟರುಗಳಿಗೆ ಗೊತ್ತು. 2024ರಲ್ಲಿ ಅದೇ ಆಂಧ್ರ ಆ ಕಾಯ್ದೆ ತೆಗೆದುಹಾಕಿತು.

ಬಿಹಾರದ ಮಾತು ಅಂದಿರಿ. 1980ರ ದಶಕದಲ್ಲಿ ನನ್ನ ಉಪಕೇಂದ್ರವೂ ಬಿಹಾರವೇ. ಅಲ್ಲೂ ಇಳೀತಾ ಇದೆ. ಆಸ್ಪತ್ರೆ, ಸ್ಕೂಲು ಕೊಡದೆ ಅವಸರ ಮಾಡಿದರೆ ಏನಾಗುತ್ತೆ ಅಂತ ಛತ್ತೀಸ್‌ಗಢದ ಬಿಲಾಸ್‌ಪುರದಲ್ಲಿ 2014ರ ನವೆಂಬರ್‌ನಲ್ಲಿ ನೋಡಿದೆವು. ಒಂದೇ ಕ್ಯಾಂಪು, ಒಬ್ಬನೇ ಸರ್ಜನ್, ಕೆಲವೇ ಗಂಟೆಯಲ್ಲಿ 83 ಹೆಂಗಸರು. ಹತ್ತಕ್ಕಿಂತ ಜಾಸ್ತಿ ಜನ ಸತ್ತರು. ಟಿವಿಯಲ್ಲಿ ಆ ಸಾಲು ಜಮಖಾನ ನೋಡಿ ನಾನು ಅವತ್ತು ಊಟ ಮಾಡಲಿಲ್ಲ. 2016ರಲ್ಲಿ ಸುಪ್ರೀಂ ಕೋರ್ಟ್ ಮೂರು ವರ್ಷದೊಳಗೆ ಕ್ಯಾಂಪ್ ಪದ್ಧತಿಯನ್ನೇ ನಿಲ್ಲಿಸಿ ಅಂತು.

ಚೀನಾದ ಕಥೆಯೂ ಸಿಂಗಪುರದವರು ತಮ್ಮೂರಿನ ಬಗ್ಗೆ ಹೇಳಿದ ಹಾಗೇ. ಅಲ್ಲೂ ಈಗ ಮೂರು ಮಾಡಿಕೊಳ್ಳಿ ಅಂತ ಬೇಡುತ್ತಿದ್ದಾರೆ.

ಹೊಸಕೆರೆಹಳ್ಳಿ ಹುಡುಗಿ:

ಸಿಸ್ಟರ್, ನೀವು ಬರೆದದ್ದನ್ನು ಅತ್ತೆಗೆ ಓದಿ ಹೇಳಿದೆ. ಟೇಬಲ್ ಕೆಳಗೆ ಇಟ್ಟಿಗೆ ಅಂದ ತಕ್ಷಣ "ಹೌದು, ಹೌದು" ಅಂದರು. ಮಾವ ಸುಮ್ನೆ ಪೇಪರ್ ಮಡಚಿ ಎದ್ದು ಹೋದರು.

ಇನ್ನೊಂದು ಕೇಳಬಹುದಾ? ನಮಗೆ ಒಂದೇ ಸಾಕು ಅಂತ ಇಬ್ಬರಿಗೂ ಅನಿಸಿದೆ. ನನ್ನ ಗಂಡ ಆಪರೇಷನ್ ತಾನೇ ಮಾಡಿಸಿಕೊಳ್ಳುತ್ತೇನೆ ಅನ್ನುತ್ತಿದ್ದಾರೆ. ಅತ್ತೆ ಮಾತ್ರ ಗಂಡಸರಿಗೆ ಶಕ್ತಿ ಹೋಗುತ್ತೆ, ಭಾರ ಎತ್ತೋಕೆ ಆಗಲ್ಲ ಅಂತ ಹೆದರಿಸುತ್ತಿದ್ದಾರೆ. ನಿಜವಾ?

ರಿಟೈರ್ಡ್ ನರ್ಸಮ್ಮ:

ನಿಮ್ಮ ಯಜಮಾನರಿಗೆ ನನ್ನ ಕಡೆಯಿಂದ ಶಭಾಷ್ ಹೇಳಿ. ದೇಶದಲ್ಲಿ ಗಂಡಸರ ಆಪರೇಷನ್ ಆದ ದಂಪತಿಗಳು ನೂರಕ್ಕೆ 0.3 ಮಾತ್ರ. 2007ರಲ್ಲಿ ಗಂಡಸರಿಗೆ 1,100 ರೂಪಾಯಿ, ಬಡ ಹೆಂಗಸರಿಗೆ 600 ಅಂತ ಮಾಡಿದರು. ಜಾಸ್ತಿ ದುಡ್ಡಿಗೂ ಗಂಡಸರು ಬರಲಿಲ್ಲ. ನನ್ನ ಸರ್ವಿಸ್‌ನಲ್ಲಿ ತಾವಾಗಿ ಬಂದವರನ್ನು ಒಂದು ಕೈ ಬೆರಳಲ್ಲಿ ಎಣಿಸಬಹುದು. ಅದರಲ್ಲೊಬ್ಬ ಲಾರಿ ಡ್ರೈವರ್, ಹೆಂಡತಿಗೆ ಹೃದಯದ ತೊಂದರೆ ಇತ್ತು. ಮೂರನೇ ದಿನ ಲಾರಿ ಹತ್ತಬೇಡ ಅಂತ ಅವನನ್ನು ಹಿಡಿದು ಕೂರಿಸೋದೇ ನನಗೆ ಕೆಲಸ ಆಯಿತು.

ಶಕ್ತಿ ಹೋಗೋದೆಲ್ಲ ಸುಳ್ಳು. ಈಗ ಎನ್‌ಎಸ್‌ವಿ ಅಂತ ಮಾಡುತ್ತಾರೆ, ಬ್ಲೇಡ್ ಇಲ್ಲ, ಹೊಲಿಗೆ ಇಲ್ಲ, ಒಂದು ಸಣ್ಣ ತೂತು. ಮರವು ಇಂಜೆಕ್ಷನ್ ಕೊಟ್ಟು ಅರ್ಧ ಗಂಟೆಯೊಳಗೆ ಮುಗಿಯುತ್ತೆ, ಅವತ್ತೇ ಮನೆಗೆ. ಒಂದು ವಾರ ಭಾರ ಎತ್ತೋದು, ಸೈಕಲ್ ತುಳಿಯೋದು ಬೇಡ, ಬಿಗಿ ಒಳಉಡುಪು ಹಾಕಿಕೊಳ್ಳಲಿ. ಆಮೇಲೆ ಎಲ್ಲ ಮಾಮೂಲು.

ಒಂದು ಮಾತ್ರ ಮರೀಬೇಡಿ. ಆಪರೇಷನ್ ಆದ ದಿನದಿಂದಲೇ ಅದು ಕೆಲಸ ಮಾಡಲ್ಲ. ಒಳಗೆ ಉಳಿದದ್ದು ಖಾಲಿ ಆಗಬೇಕು. ಮೂರು ತಿಂಗಳು ಬೇರೆ ವಿಧಾನ ಉಪಯೋಗಿಸಿ, ಆಮೇಲೆ ವೀರ್ಯ ಪರೀಕ್ಷೆ ಮಾಡಿಸಿ, ಖಾಲಿ ಅಂತ ರಿಪೋರ್ಟ್ ಬಂದ ಮೇಲೆ ನಿಶ್ಚಿಂತೆ. ಈ ಮೂರು ತಿಂಗಳ ಲೆಕ್ಕ ಸರಿಯಾಗಿ ಹೇಳದೆ ಕಳಿಸಿ, ಆಮೇಲೆ ಹೆಂಡತಿ ಬಸುರಿ ಆದಾಗ ಅವಳ ಮೇಲೆ ಅನುಮಾನ ಪಟ್ಟ ಮನೆ ನಾನು ಕಂಡಿದ್ದೇನೆ. ಡಾಕ್ಟರ್ ಹೇಳದಿದ್ದರೂ ನೀವೇ ಕೇಳಿ ದಿನಾಂಕ ಬರೆಸಿಕೊಳ್ಳಿ.